ತಿದ್ದಲಾಗದ ಕೆಲಸಕ್ಕೆ ಹೆಚ್ಚು ಕಾಳಜಿ

ಎಲ್ಲಾ ಕೆಲಸಕ್ಕೂ ಒಂದೇ ಶಕ್ತಿ ಹಾಕಬೇಕೇನು?

ನಮ್ಮ ರಾಣೆಬೆನ್ನೂರು ಕಡೆ ಹೈಬ್ರಿಡ್ ಟೊಮ್ಯಾಟೊ ಬೀಜದ ಪ್ಲಾಟಿನಲ್ಲಿ ಕ್ರಾಸಿಂಗ್ ಮಾಡುವ ಅಕ್ಕಂದಿರನ್ನ ನೋಡ್ರಿ. ಮೊಗ್ಗು ಅರಳುವ ಮೊದಲೇ ಕೇಸರ ಪೂರ್ತಿ ತೆಗೀತಾರೆ, ಮರುದಿನ ಬೇರೆ ತಳಿಯ ಪರಾಗ ಮುಟ್ಟಿಸ್ತಾರೆ. ಕೇಸರ ಉಳಿದುಬಿಟ್ಟರೆ ಬೀಜ ಬೆರಕೆಯಾಗ್ತದೆ. ಪರೀಕ್ಷೆಯಲ್ಲಿ ಲಾಟ್ ಫೇಲಾದರೆ ಇಡೀ ಹಂಗಾಮಿನ ದುಡಿಮೆ ಹೋಯ್ತು. ಅದೇ ಹೊಲದಲ್ಲಿ ನಾಲ್ಕು ಕಳೆ ಉಳಿದರೆ? ನಾಳೆ ಕಿತ್ತರಾಯ್ತು.

ಆಫೀಸಲ್ಲೂ ಹಿಂಗೇ ಕೇಳಿಕೊಳ್ರಿ: ಇದು ತಪ್ಪಿದರೆ ಆಮೇಲೆ ತಿದ್ದಬಹುದಾ? ಸಂಬಳದ ಲೆಕ್ಕ ಕಳಿಸುವ ಮುಂಚೆ ಎರಡು ಸಲ ನೋಡ್ರಿ. ನಮ್ಮವರೇ ಕೂರುವ ಮೀಟಿಂಗಿನ ಸ್ಲೈಡಿಗೆ ಬಣ್ಣ ಹುಡುಕುತ್ತಾ ರಾತ್ರಿ ಕಳೀಬೇಡ್ರಿ. ಅದು ಸೋಮಾರಿತನ ಅಲ್ಲ. ಆ ರಾತ್ರಿ ನಿದ್ದೆಗೆ, ಮನೆಯವರಿಗೆ, ಪ್ರಾರ್ಥನೆಗೆ ಬೇಕು. ಆಮೆನ್.