ಅಡ್ಡಬಿಲ್ಲು ಕೊಳ್ಳುವ ಮುನ್ನ: ಬೇಟೆಯ ನಿಷೇಧ, ಬೆಳೆಯ ಹಕ್ಕು

ಕೃಷ್ಣೆ ತುಂಗಭದ್ರೆಗಳ ನಡುವಣ ಈ ನಾಡಿನಲ್ಲಿ, ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡು ಬೆಳೆದ ಮಾನ್ವಿಯ ಭತ್ತವಾಗಲಿ, ದೇವದುರ್ಗದ ಹೊಲಗಳ ಶೇಂಗಾ ಸಜ್ಜೆಗಳಾಗಲಿ, ರಾಯಚೂರು ನಗರದ ಅಂಚಿನಲ್ಲಿ ಇನ್ನೂ ಉಳಿದಿರುವ ಒಕ್ಕಲುತನವಾಗಲಿ, ಕೊಯ್ಲಿಗೆ ಬರುವ ಹೊತ್ತಿನಲ್ಲಿ ಕಾಡುಹಂದಿಯ ಭಯಕ್ಕೆ ಈಡಾಗುವುದು ರೈತರೆಲ್ಲರೂ ಬಲ್ಲ ಸಂಗತಿ. ಹಂದಿಗಳ ಹಿಂಡು ಒಂದೇ ರಾತ್ರಿಯಲ್ಲಿ ಸಾಲುಸಾಲನ್ನೇ ಮೂತಿಯಿಂದ ಬಗೆದು, ಇನ್ನೂ ಎಳೆಯದಾಗಿರುವ ಶೇಂಗಾವನ್ನು ಬಳ್ಳಿಸಹಿತ ಮೇಲಕ್ಕೆಸೆದು, ತಿಂದುದಕ್ಕಿಂತ ಹೆಚ್ಚನ್ನು ತುಳಿದು ಹೋದಮೇಲೆ, ಬೆಳಗಿನಲ್ಲಿ ಆ ಹೊಲದ ಬದುವಿನ ಮೇಲೆ ನಿಂತವನ ಸಂಕಟ ಸಾಮಾನ್ಯವಾದುದಲ್ಲ. ಅಂಥ ಸಂಕಟದಲ್ಲಿರುವವನ ಕೈಯ ಮೊಬೈಲಿನಲ್ಲಿ, ಕ್ರಾಸ್‌ಬೋ ಎಂದು ಮಾರಾಟಗಾರರು ಕರೆಯುವ ಅಡ್ಡಬಿಲ್ಲಿನ ಜಾಹೀರಾತು ಕಾಣಿಸಿಕೊಂಡು, ಸದ್ದಿಲ್ಲದೆ ಕೆಲಸ ಮುಗಿಯುವುದೆಂಬ ಭರವಸೆಯನ್ನು ಕೊಟ್ಟರೆ, ಯಾವ ಬಿಲ್ಲು ನಂಬಿಕೆಗೆ ಯೋಗ್ಯವೆಂದು ಆತನು ವಿಚಾರಿಸತೊಡಗುವುದು ಸಹಜವೇ ಆಗಿದೆ. ಆದರೆ ಬಿಲ್ಲಿನ ಗುಣದೋಷಗಳನ್ನು ಪರೀಕ್ಷಿಸುವ ಮುನ್ನ, ಅದನ್ನು ಯಾವ ಕಾರ್ಯಕ್ಕಾಗಿ ಕೊಳ್ಳಲಾಗುತ್ತಿದೆಯೋ ಆ ಕಾರ್ಯದ ವಿಷಯದಲ್ಲಿ ನಮ್ಮ ಕಾನೂನು ಏನನ್ನು ವಿಧಿಸಿದೆ ಎಂಬುದನ್ನು ತಿಳಿಯದಿದ್ದರೆ, ಹಣವೂ ಹೋಗಿ, ಬೆಳೆಯೂ ಹೋಗಿ, ಸೆರೆವಾಸವೂ ಪ್ರಾಪ್ತವಾಗುವ ಸಂಭವವುಂಟು.

1972ರ ವನ್ಯಜೀವಿ (ಸಂರಕ್ಷಣಾ) ಅಧಿನಿಯಮದ 9ನೆಯ ಪ್ರಕರಣವು ಅನುಸೂಚಿಗಳಲ್ಲಿ ಸೇರಿದ ವನ್ಯಪ್ರಾಣಿಗಳ ಬೇಟೆಯನ್ನು ನಿಷೇಧಿಸಿದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ತರುವಾಯ ಕೃಷ್ಣಮೃಗವೂ ನವಿಲೂ ಮೊದಲನೆಯ ಅನುಸೂಚಿಯಲ್ಲಿಯೂ, ಕಾಡುಹಂದಿಯು ಎರಡನೆಯದರಲ್ಲಿಯೂ ಇವೆ. ಬೇಟೆಯೆಂದರೆ ಕೊಲ್ಲುವುದು ಮಾತ್ರವೆಂದು ತಿಳಿದವರು ಆ ಅಧಿನಿಯಮದ ವ್ಯಾಖ್ಯೆಯನ್ನು ಓದಿ ನೋಡಬೇಕು: ಗಾಯಪಡಿಸುವುದು, ಉರುಲು ಹಾಕುವುದು, ಬಲೆ ಬೀಸುವುದು, ವಿಷವಿಡುವುದು, ಅಟ್ಟಾಡಿಸುವುದು, ಆಮಿಷವೊಡ್ಡುವುದು ಇವೆಲ್ಲವೂ ಬೇಟೆಯೇ, ಕೊಲ್ಲುವ, ಹಿಡಿಯುವ ಪ್ರಯತ್ನಮಾತ್ರವೂ ಬೇಟೆಯೇ. ಬಿಟ್ಟ ಬಾಣವು ಹಂದಿಗೆ ತಾಗಿದರೂ, ತಾಗದೆ ಬದುವಿನ ಮಣ್ಣಿನಲ್ಲಿ ನೆಟ್ಟರೂ, ಕಾನೂನಿನ ದೃಷ್ಟಿಯಲ್ಲಿ ಅಪರಾಧವೊಂದೇ. ಇನ್ನು ಆಯುಧವೆಂಬುದರ ವ್ಯಾಖ್ಯೆಯಲ್ಲಿ ಬಿಲ್ಲುಬಾಣಗಳನ್ನು ಹೆಸರಿಸಿಯೇ ಹೇಳಲಾಗಿದೆಯಾದುದರಿಂದ, ಇದು ಬಂದೂಕಲ್ಲವಲ್ಲ ಎಂಬ ಸಮಾಧಾನಕ್ಕೆ ಅಲ್ಲಿ ಆಸ್ಪದವಿಲ್ಲ.

ಎರಡನೆಯ ಅನುಸೂಚಿಯ ಪ್ರಾಣಿಯ ಬೇಟೆಗೆ ಮೂರು ವರ್ಷದವರೆಗೆ ಕಾರಾವಾಸ, ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಸಲ್ಲುತ್ತವೆ. ಮೊದಲನೆಯ ಅನುಸೂಚಿಯದಾದರೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷದವರೆಗಿನ ಕಾರಾವಾಸವೂ, ಇಪ್ಪತ್ತೈದು ಸಾವಿರಕ್ಕೆ ಕಡಿಮೆಯಿಲ್ಲದ ದಂಡವೂ ಕೂಡಿಯೇ ಬರುತ್ತವೆ. ಹೀಗೆ ಕನಿಷ್ಠ ಶಿಕ್ಷೆ ನಿಗದಿಯಾದ ಅಪರಾಧವನ್ನು ಇಲಾಖೆಗೆ ಹಣ ಕಟ್ಟಿ ರಾಜಿ ಮಾಡಿಕೊಳ್ಳುವಂತೆಯೂ ಇಲ್ಲ. ಬಳಸಿದ ಬಿಲ್ಲೂ, ಹೊತ್ತು ತಂದ ಮೋಟಾರ್ ಸೈಕಲ್ಲೂ ಜಪ್ತಿಯಾಗುತ್ತವೆ. ಮಾಂಸವು ಯಾರ ಮನೆಯಲ್ಲಿ ಸಿಕ್ಕಿತೋ ಅವರೇ ಅದು ಅಕ್ರಮವಲ್ಲವೆಂದು ರುಜುವಾತುಪಡಿಸಬೇಕೆಂಬ ಪೂರ್ವಾನುಮಾನವನ್ನು 57ನೆಯ ಪ್ರಕರಣವು ವಿಧಿಸಿರುವುದರಿಂದ, ನೆರೆಯವರು ಕೊಟ್ಟ ಪಾಲನ್ನು ತಿಳಿಯದೆ ಅಡುಗೆಮನೆಗೆ ಒಯ್ದ ಹೆಣ್ಣುಮಕ್ಕಳೂ ತೊಂದರೆಗೆ ಸಿಲುಕಬಹುದು. ಇದನ್ನು ಊರೂರಿನಲ್ಲಿ ತಿಳಿಸಿ ಹೇಳಬೇಕಾದುದು ಅವಶ್ಯ.

ಯುಗಾದಿಯ ಹೊತ್ತಿನಲ್ಲಿ ಬೇಟೆಗೆ ಹೊರಡುವ ವಾಡಿಕೆ ನಮ್ಮ ಕೆಲವು ಗ್ರಾಮಗಳಲ್ಲಿ ಬಹುಕಾಲದಿಂದ ನಡೆದು ಬಂದಿದೆ. ಆ ವಾಡಿಕೆಯನ್ನು ಪಾಲಿಸುವವರನ್ನು ಕ್ರೂರಿಗಳೆಂದು ಜರೆಯುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೂ ಪದ್ಧತಿಯೆಂಬ ಉತ್ತರವು ನ್ಯಾಯಾಲಯದಲ್ಲಿ ನಿಲ್ಲಲಾರದು. ಅರಣ್ಯವಾಸಿಗಳ ಪಾರಂಪರಿಕ ಹಕ್ಕುಗಳಿಗೆ ಮನ್ನಣೆಯಿತ್ತ 2006ರ ಅರಣ್ಯ ಹಕ್ಕುಗಳ ಅಧಿನಿಯಮವೇ, ಇತರ ಪಾರಂಪರಿಕ ಹಕ್ಕುಗಳನ್ನು ಅಂಗೀಕರಿಸುವ ಉಪಬಂಧದಲ್ಲಿ, ಬೇಟೆಯ ಹಕ್ಕನ್ನು ಮಾತ್ರ ಸ್ಪಷ್ಟವಾಗಿ ಹೊರಗಿಟ್ಟಿದೆ. ಮೈಮೇಲೆ ಬಿದ್ದ ಪ್ರಾಣಿಯಿಂದ ತನ್ನನ್ನೋ ಇನ್ನೊಬ್ಬರನ್ನೋ ಕಾಪಾಡುವ ಸಲುವಾಗಿ ಸದ್ಭಾವನೆಯಿಂದ ಅದನ್ನು ಕೊಂದರೆ ಅಪರಾಧವಾಗದು. ಆದರೆ ಆ ರಕ್ಷಣೆ ಸಲ್ಲುವುದು ಮನುಷ್ಯನ ಪ್ರಾಣಕ್ಕೇ ಹೊರತು ಬೆಳೆಗಲ್ಲ, ಅಕ್ರಮ ಬೇಟೆಗೆಂದೇ ಹೊರಟವನಿಗೂ ಅಲ್ಲ.

ಹಾಗಾದರೆ ಬೆಳೆ ಕಳೆದುಕೊಂಡವನಿಗೆ ಮಾರ್ಗವೇ ಇಲ್ಲವೆ? ಉಂಟು, ಅದನ್ನು ಬಲ್ಲವರು ಮಾತ್ರ ಕಡಿಮೆ. ಅದೇ ಅಧಿನಿಯಮದ 11ನೆಯ ಪ್ರಕರಣದ ಪ್ರಕಾರ, ಎರಡನೆಯ ಅನುಸೂಚಿಯ ಪ್ರಾಣಿಯು ಮನುಷ್ಯರ ಪ್ರಾಣಕ್ಕಾಗಲಿ, ನಿಂತ ಬೆಳೆಯೂ ಒಳಗೊಂಡಂತೆ ಆಸ್ತಿಗಾಗಲಿ ಅಪಾಯಕಾರಿಯಾಗಿದೆಯೆಂದು ಮನವರಿಕೆಯಾದರೆ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಹೊಂದಿದ ಅಧಿಕಾರಿಯು, ಕಾರಣಗಳನ್ನು ನಮೂದಿಸಿದ ಲಿಖಿತ ಆಜ್ಞೆಯ ಮೂಲಕ, ಗೊತ್ತುಪಡಿಸಿದ ಪ್ರದೇಶದಲ್ಲಿ ಅದನ್ನು ಬೇಟೆಯಾಡಲು ಯಾವನೇ ವ್ಯಕ್ತಿಗೆ ಅನುಮತಿ ಕೊಡಬಹುದು. ಕಾಡುಹಂದಿಗೆ ಈ ದಾರಿ ತೆರೆದಿದೆ. ಕೃಷ್ಣಮೃಗಕ್ಕೆ ತೆರೆದಿಲ್ಲ, ಏಕೆಂದರೆ ಮೊದಲನೆಯ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ ಮನುಷ್ಯರ ಪ್ರಾಣಕ್ಕೊದಗಿದ ಅಪಾಯ, ಇಲ್ಲವೆ ಪ್ರಾಣಿಯೇ ಚೇತರಿಸಿಕೊಳ್ಳಲಾರದ ಸ್ಥಿತಿಯಲ್ಲಿರುವುದು ಇವು ಮಾತ್ರ ಕಾರಣಗಳಾಗಬಲ್ಲವು, ಬೆಳೆನಾಶವು ಕಾರಣವಾಗದು. ಹಂದಿಗೆಂದು ಹೂಡಿದ ಬಾಣವು ಕತ್ತಲೆಯಲ್ಲಿ ಚಿಗರಿಗೆ, ಎಂದರೆ ಕೃಷ್ಣಮೃಗಕ್ಕೆ, ತಾಗಿದರೆ ಮೂರು ವರ್ಷದ ಕನಿಷ್ಠ ಶಿಕ್ಷೆಯ ಹೊಸ್ತಿಲಿನಲ್ಲಿ ನಿಂತಂತೆಯೇ ಸರಿ. ಅನುಮತಿಯು ಕೈಸೇರುವವರೆಗೆ, ಅರ್ಜಿ ಕೊಟ್ಟಿದ್ದೇನೆ ಎಂಬುದು ಅನುಮತಿಗೆ ಸಮಾನವಲ್ಲ. ಕೈಸೇರಿದ ಮೇಲೂ ಆಜ್ಞೆಯಲ್ಲಿ ಹೇಳಿದ ಸ್ಥಳ, ಅವಧಿ, ವಿಧಾನಗಳನ್ನು ಮೀರುವಂತಿಲ್ಲ.

ಪರಿಹಾರದ ವಿಷಯವು ಇದಕ್ಕಿಂತ ಹೆಚ್ಚು ಜನರಿಗೆ ಸಂಬಂಧಿಸಿದುದು. ವನ್ಯಪ್ರಾಣಿಗಳಿಂದಾದ ಬೆಳೆಹಾನಿಗೆ ಕರ್ನಾಟಕ ಅರಣ್ಯ ಇಲಾಖೆಯು ದಯಾತ್ಮಕ ಧನವನ್ನು ಕೊಡುತ್ತದೆ. ಹಾನಿಯಾದ ಬೆಳಗಿನಲ್ಲಿಯೇ, ಹೊಲವನ್ನು ಹಸನು ಮಾಡುವ ಆತುರಕ್ಕೆ ಬೀಳದೆ, ಹೆಜ್ಜೆಗುರುತುಗಳೂ ಬಗೆದ ಸಾಲುಗಳೂ ಕಾಣುವಂತೆ, ದಿನಾಂಕ ಮತ್ತು ಸ್ಥಳದ ಗುರುತು ಸಹಿತವಾಗಿ ಛಾಯಾಚಿತ್ರಗಳನ್ನು ತೆಗೆದಿಟ್ಟುಕೊಳ್ಳಬೇಕು. ಇಲಾಖೆಯ 1926 ಸಹಾಯವಾಣಿಗೂ ತಾಲೂಕಿನ ವಲಯ ಅರಣ್ಯಾಧಿಕಾರಿಗಳ ಕಚೇರಿಗೂ ತಿಳಿಸಬೇಕು. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕುಗಳ ಪ್ರತಿಗಳೊಡನೆ ಅರ್ಜಿ ಕೊಟ್ಟು, ಸ್ವೀಕೃತಿಯನ್ನು ಪಡೆಯದೆ ಹಿಂದಿರುಗಬಾರದು. ಸ್ಥಳ ಪರಿಶೀಲನೆಗೆ ಸಿಬ್ಬಂದಿ ಬಂದಾಗ ರೈತನು ತಾನೇ ಹಾಜರಿದ್ದು, ಮಹಜರಿನಲ್ಲಿ ಬರೆದ ಸರ್ವೆ ನಂಬರು, ಬೆಳೆಯ ಹೆಸರು, ಹಾನಿಯಾದ ವಿಸ್ತೀರ್ಣ ಇವುಗಳನ್ನು ಓದಿಸಿ ಕೇಳಿ, ಒಪ್ಪಿಗೆಯಾದರೆ ಮಾತ್ರ ರುಜು ಹಾಕತಕ್ಕದ್ದು. ಅರ್ಧ ಎಕರೆಯ ಹಾನಿ ನಾಲ್ಕು ಗುಂಟೆಯೆಂದು ದಾಖಲಾದಮೇಲೆ ತಿದ್ದಿಸಲು ಪಡುವ ಪಾಡು, ಆ ಕ್ಷಣದಲ್ಲಿ ಓದಿಸುವ ಶ್ರಮಕ್ಕಿಂತ ಎಷ್ಟೋ ದೊಡ್ಡದು. ಅರ್ಜಿಯ ಗತಿ ತಿಳಿಯದಿದ್ದರೆ, 2005ರ ಮಾಹಿತಿ ಹಕ್ಕು ಅಧಿನಿಯಮದ ಅನ್ವಯ ಹತ್ತು ರೂಪಾಯಿ ಶುಲ್ಕದೊಡನೆ ಕೇಳಿದವರಿಗೆ ಮೂವತ್ತು ದಿನಗಳೊಳಗೆ ಉತ್ತರ ಕೊಡಬೇಕಾದುದು ಸಾರ್ವಜನಿಕ ಮಾಹಿತಿ ಅಧಿಕಾರಿಯ ಕರ್ತವ್ಯ. ಅನುಮತಿಯ ಅರ್ಜಿಯನ್ನು ಕಾರಣವಿಲ್ಲದೆ ತಳ್ಳಿಹಾಕಿದರೆ, ಅಥವಾ ನಿರ್ಧಾರವನ್ನೇ ಮಾಡದೆ ವೃಥಾ ಕಾಲಹರಣ ಮಾಡಿದರೆ, ರಾಯಚೂರು ಜಿಲ್ಲೆಯವರು ಉಚ್ಚ ನ್ಯಾಯಾಲಯದ ಕಲಬುರಗಿ ಪೀಠದಲ್ಲಿ ರಿಟ್ ಅರ್ಜಿಯನ್ನು ಸಲ್ಲಿಸಬಹುದು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿಯೂ 2026ರ ಮುಂಗಾರಿನಿಂದ ವನ್ಯಪ್ರಾಣಿಗಳ ಹಾವಳಿಗೆ ವಿಮಾರಕ್ಷಣೆ ಸೇರುವುದೆಂದು ಕೇಂದ್ರ ಕೃಷಿ ಸಚಿವಾಲಯವು 2025ರ ನವೆಂಬರಿನಲ್ಲಿ ಪ್ರಕಟಿಸಿತು. ಹಾನಿಯನ್ನು 72 ಗಂಟೆಗಳೊಳಗೆ ವರದಿ ಮಾಡಬೇಕೆಂಬ ನಿಯಮವಿರುವುದರಿಂದ, ವಿಮೆ ಮಾಡಿಸುವಾಗಲೇ ತಮ್ಮ ಜಿಲ್ಲೆಗೂ ಬೆಳೆಗೂ ಅದು ಅನ್ವಯಿಸುವುದೇ ಎಂದು ಕೇಳಿಕೊಳ್ಳುವುದು ಲೇಸು.

ಆಯುಧವನ್ನು ಇಟ್ಟುಕೊಳ್ಳುವ ಪ್ರಶ್ನೆ ಬೇರೆಯದು. 1857ರಲ್ಲಿ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಿರೆಂಬ ಆಜ್ಞೆಯನ್ನು ಧಿಕ್ಕರಿಸಿ ಬ್ರಿಟಿಷರ ಸೈನ್ಯದೊಡನೆ ಕಾದಿದ ನೆನಪು ಉತ್ತರ ಕರ್ನಾಟಕದ ಲಾವಣಿಗಳಲ್ಲಿ ಇನ್ನೂ ಜೀವಂತವಾಗಿರುವುದರಿಂದ, ಲೈಸೆನ್ಸಿನ ಮಾತೆತ್ತಿದರೆ ನಮ್ಮವರಿಗೆ ಈಗಲೂ ಮನಸ್ಸು ಕುದಿಯುವುದುಂಟು. ಆದರೆ ಇಂದಿನ 1959ರ ಆಯುಧ ಅಧಿನಿಯಮವು ಪ್ರಾಮಾಣಿಕವಾದ ಬೆಳೆರಕ್ಷಣೆಗಾಗಿ ಬಂದೂಕಿನ ಲೈಸೆನ್ಸ್ ಕೊಡುವುದನ್ನು ಒಪ್ಪಿಕೊಂಡಿದೆ. ಅದನ್ನು ಕೊಡುವ ಅಧಿಕಾರಿಗಳು ಜಿಲ್ಲಾ ದಂಡಾಧಿಕಾರಿಗಳೂ ಆದ ಜಿಲ್ಲಾಧಿಕಾರಿಗಳು. ಆ ಲೈಸೆನ್ಸು ಬಂದೂಕನ್ನು ಇಟ್ಟುಕೊಳ್ಳಲು ಮಾತ್ರವೇ ಹೊರತು ಹಂದಿಯನ್ನು ಕೊಲ್ಲಲಲ್ಲ. ಕೊಲ್ಲುವುದಕ್ಕೆ ಮೇಲೆ ಹೇಳಿದ ಅನುಮತಿಯೂ ಬೇಕು. ಅಡ್ಡಬಿಲ್ಲಿಗೆ ಯಾವ ಕಾಗದವೂ ಬೇಡವೆಂದು ಮಾರುವವನು ಬಾಯಿಮಾತಿನಲ್ಲಿ ಹೇಳಿದುದನ್ನು ನಂಬಬಾರದು. ಆಯುಧವೆಂಬುದರ ವ್ಯಾಖ್ಯೆಯಲ್ಲಿ ಪ್ರಾಣಾಂತಕ ಆಯುಧಗಳೂ ಸೇರಿರುವುದರಿಂದ, ಮತ್ತು ಬಂದೂಕಲ್ಲದ ಆಯುಧಗಳಿಗೂ ಆಯಾ ಪ್ರದೇಶದಲ್ಲಿ ಲೈಸೆನ್ಸನ್ನು ಕಡ್ಡಾಯಮಾಡುವ ಅಧಿಕಾರವು 4ನೆಯ ಪ್ರಕರಣದ ಮೂಲಕ ಕೇಂದ್ರ ಸರ್ಕಾರಕ್ಕಿರುವುದರಿಂದ, ಕೊಳ್ಳಬೇಕೆಂದಿರುವ ವಸ್ತುವಿನ ವಿವರವನ್ನು ಬರೆದು ಜಿಲ್ಲಾಧಿಕಾರಿಗಳ ಕಚೇರಿಯಿಂದ ಲಿಖಿತ ಉತ್ತರವನ್ನು ಪಡೆಯುವುದೇ ವಿವೇಕ.

ಇನ್ನು, ಗುರಿಹಲಗೆಯ ಅಭ್ಯಾಸಕ್ಕೋ ಕ್ರೀಡೆಗೋ ನ್ಯಾಯವಾಗಿ ಇದನ್ನು ಕೊಳ್ಳುವವನು ಏನನ್ನು ಪರೀಕ್ಷಿಸಬೇಕು? ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಸೆಳೆತದ ಪೌಂಡುಗಳ ಲೆಕ್ಕವೂ ಬಾಣದ ವೇಗವೂ. ಇವೆರಡೂ ಬಲವನ್ನು ಹೇಳುವುವೇ ಹೊರತು ಬಾಳಿಕೆಯನ್ನು ಹೇಳಲಾರವು. ಬಾಳಿಕೆ ತಿಳಿಯುವುದು ಬಿಲ್ಲಿನ ಎರಡು ತೋಳುಗಳಲ್ಲಿ, ಹೆದೆಯಲ್ಲಿ, ಕೊಕ್ಕೆಯಲ್ಲಿ. ತೋಳುಗಳನ್ನು ಬೆಳಕಿಗೆ ಹಿಡಿದು ನೋಡಿದರೆ ಪದರಗಳು ಬಿಟ್ಟ ಕೂದಲೆಳೆಯಂಥ ಸೀಳುಗಳು ಕಂಡಾವು. ಹೆದೆಯ ನಡುವೆ, ಬಾಣದ ಬುಡ ತಾಗುವ ಜಾಗದ ಸುತ್ತುದಾರವನ್ನು ಬೆರಳಿನಿಂದ ಸವರಿದರೆ ಎಳೆ ಎದ್ದಿರುವುದು ಗೊತ್ತಾಗುವುದು. ಸೆಳೆದ ಹೆದೆಯು ಕೊಕ್ಕೆಯಲ್ಲಿ ಕುಳಿತೊಡನೆ ಸುರಕ್ಷಾಕೀಲಿಯು ತಾನಾಗಿ ಬೀಳುವುದೇ, ಬಾಣವಿಲ್ಲದಾಗ ಟ್ರಿಗರ್ ಅದುಮಿದರೂ ಹೆದೆ ಬಿಡದಂತೆ ತಡೆಯಿರುವುದೇ ಎಂಬುದನ್ನು ತಯಾರಕರ ಕೈಪಿಡಿಯೊಡನೆ ಹೋಲಿಸಿ ಕೇಳಬೇಕು. ಬಾಣವಿಲ್ಲದೆ ಹೆದೆಯನ್ನು ಬಿಟ್ಟರೆ ಬಾಣದೊಡನೆ ಹೊರಟುಹೋಗಬೇಕಾದ ಶಕ್ತಿಯೆಲ್ಲವೂ ತೋಳುಗಳಲ್ಲಿಯೇ ಅಡಗಿ ಅವುಗಳನ್ನು ಸೀಳುವುದು. ತಯಾರಕನು ಹೇಳಿದುದಕ್ಕಿಂತ ಹಗುರವಾದ ಬಾಣವನ್ನು ಹೂಡಿದರೂ ಬಹುಮಟ್ಟಿಗೆ ಅದೇ ಫಲ. ತೋಳು ಮುರಿದಾಗ ಗಾಯವಾಗುವುದು ಹಿಡಿದವನ ಮುಖಕ್ಕೂ ಕೈಗೂ ಆದುದರಿಂದ ಈ ಪರೀಕ್ಷೆಯಲ್ಲಿ ಉದಾಸೀನ ಸಲ್ಲದು.

ಹೀಗೆ ಕೊಂಡ ವಸ್ತುವಿನಲ್ಲಿ ದೋಷ ಕಂಡುಬಂದರೆ, 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ನೆರವಿಗೆ ಬರುತ್ತದೆ. ಮಾರಾಟಗಾರನು ದೂರದ ಯಾವ ನಗರದಲ್ಲಿದ್ದರೂ, ದೂರುದಾರನು ವಾಸಿಸುವ ಸ್ಥಳದಲ್ಲಿಯೇ, ಎಂದರೆ ನಮ್ಮವರು ರಾಯಚೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿಯೇ, ದೂರು ಕೊಡಬಹುದೆಂಬುದು ಹಿಂದಿನ 1986ರ ಕಾನೂನಿನಲ್ಲಿ ಇಲ್ಲದಿದ್ದ ಅನುಕೂಲ. ಬೆಲೆಯು ಐದು ಲಕ್ಷ ರೂಪಾಯಿಯನ್ನು ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ; ಕಾರಣ ಉದ್ಭವಿಸಿದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಆನ್‌ಲೈನ್ ಮಾರಾಟಗಾರರು ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿದುದಾಗಿ ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕೆಂದು 2020ರ ನಿಯಮಗಳು ಹೇಳುತ್ತವೆ. ಮೊದಲಿಗೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ಕರೆಮಾಡಬಹುದು. ಬಿಲ್ಲು, ಬಾಣ, ರಸೀದಿ, ಪೆಟ್ಟಿಗೆಯ ಮೇಲಿನ ತಯಾರಕನ ಹೆಸರು ಮತ್ತು ದೇಶ ಇವೆಲ್ಲವನ್ನೂ ಇದ್ದಂತೆಯೇ ಕಾದಿಡಬೇಕು. ದೋಷವು ಪ್ರಯೋಗಾಲಯದ ಪರೀಕ್ಷೆಯಿಂದಲೇ ತಿಳಿಯತಕ್ಕದ್ದಾದರೆ ಆಯೋಗವು ಅಲ್ಲಿಗೆ ಕಳುಹಿಸಬಲ್ಲದು. ಆದರೆ ಹಂದಿಗೆ ಹೂಡಿದಾಗ ಬಿಲ್ಲು ಕೈಕೊಟ್ಟಿತೆಂದು ದೂರಿನಲ್ಲಿ ಬರೆದವನು ತನ್ನ ಅಪರಾಧವನ್ನು ತಾನೇ ಬರೆದುಕೊಟ್ಟಂತಾಗುವುದು. ಉದ್ದೇಶವೇ ಕಾನೂನಿಗೆ ವಿರುದ್ಧವಾದ ಕರಾರು ನಿಲ್ಲದೆಂಬ, 1872ರ ಕರಾರು ಅಧಿನಿಯಮದ 23ನೆಯ ಪ್ರಕರಣದ ಆಕ್ಷೇಪಣೆಯನ್ನೂ ಆಗ ಎದುರಿಸಬೇಕಾದೀತು.

ಅರಣ್ಯ ಇಲಾಖೆಯವರೋ ಪೊಲೀಸರೋ ತಡೆದು ನಿಲ್ಲಿಸಿದರೆ, ಓಡುವುದೂ ಜಗಳವಾಡುವುದೂ ಕೂಡದು. ಆದರೆ ಬಂಧನದ ಕಾರಣವನ್ನು ತಿಳಿಯುವ ಹಕ್ಕು, ಬಂಧುವೊಬ್ಬರಿಗೆ ಸುದ್ದಿ ಮುಟ್ಟಿಸುವ ಹಕ್ಕು, ತನಗೆ ಬೇಕಾದ ವಕೀಲರನ್ನು ಕಾಣುವ ಹಕ್ಕು, ಪ್ರಯಾಣದ ಕಾಲವನ್ನುಳಿದು 24 ಗಂಟೆಗಳೊಳಗೆ ದಂಡಾಧಿಕಾರಿಯ ಎದುರು ಹಾಜರುಪಡಿಸಲ್ಪಡುವ ಹಕ್ಕು, ಇವು ಸಂವಿಧಾನದ 22ನೆಯ ಅನುಚ್ಛೇದದಿಂದಲೂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಿಂದಲೂ ಪ್ರತಿಯೊಬ್ಬರಿಗೂ ಇವೆ. ಜಪ್ತಿ ಮಹಜರಿನಲ್ಲಿ ಬರೆದುದೇನೆಂದು ಕೇಳಬೇಕು. ಖಾಲಿ ಹಾಳೆಗೆ ರುಜು ಹಾಕಬಾರದು. ವಕೀಲರನ್ನಿಡಲು ಶಕ್ತಿಯಿಲ್ಲದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದಂತೆ ಉಚಿತ ನೆರವುಂಟು. ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಸೆರೆಯಲ್ಲಿರುವವರು ಇವರಿಗೆ ಆದಾಯದ ಮಿತಿಯ ಪ್ರಶ್ನೆಯೂ ಬರದು. ಬಂಧಿತನಾದವನ ಮನೆಯವರು ಸಾಲಕ್ಕೆ ಕೈಯೊಡ್ಡುವ ಮುನ್ನ ಇದನ್ನು ನೆನೆಯಬೇಕೆಂದು ನಾನು ಒತ್ತಿ ಹೇಳಬಯಸುತ್ತೇನೆ. ದೇವದುರ್ಗ, ಮಾನ್ವಿಗಳವರು ತಮ್ಮ ತಾಲೂಕಿನ ನ್ಯಾಯಾಲಯದ ಆವರಣದಲ್ಲಿರುವ ತಾಲೂಕು ಕಾನೂನು ಸೇವೆಗಳ ಸಮಿತಿಯನ್ನೂ, ನಗರದವರು ರಾಯಚೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನೂ ಕಾಣಬಹುದು. 15100 ಎಂಬ ಸಂಖ್ಯೆಗೆ ಕರೆಮಾಡಿಯೂ ಸಲಹೆ ಕೇಳಬಹುದು. ಅಲ್ಲಿ ಕೊಡಬೇಕಾದ ಅರ್ಜಿಯನ್ನು ಬರೆಯಲು ಬಾರದವರ ಮಾತನ್ನು ಕೇಳಿ ಬರೆದುಕೊಳ್ಳುವ ವ್ಯವಸ್ಥೆಯೂ ಇದೆ.