ಮರಕ್ಕೂ ಶ್ರಾವಣ ಬರುತ್ತದೆ

ತಮ್ಮಾ, ಮೊನ್ನೆ ನಿಮ್ಮ ಮಾಳಿಗೆ ಹತ್ತಿ ಆ ತಗಡಿನ ಶೆಡ್ ನೋಡಿ ಬಂದಾಗಿನಿಂದ ನಾಲಗೆ ತುರಿಸುತ್ತಿದೆ. ಅಲ್ಲೇ ಹೇಳುವವನಿದ್ದೆ, ಅಷ್ಟರಲ್ಲಿ ನಿಮ್ಮಪ್ಪ ಬಂದರು, ಚಹಾ ಬಂತು, ಮಾತು ಎತ್ತಲೋ ಹೋಯಿತು. ಡ್ರಿಲ್, ರೌಟರ್, ಜಿಗ್‌ಸಾ, ಸ್ಯಾಂಡರ್ ಎಲ್ಲ ಇದ್ದವು. ಕೆಲವುಗಳ ಪೆಟ್ಟಿಗೆಯನ್ನೇ ಇನ್ನೂ ಒಡೆದಿರಲಿಲ್ಲ. ಉಳಿ ಮಾತ್ರ ಒಂದೇ ಒಂದು. ಅದೂ ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸಿ ಎಬ್ಬಿಸಿ ಬಾಯಿ ಮುರುಕಾದದ್ದು.

ಬ್ಯಾಂಕಿನಿಂದ ಬಂದು ಮರ ಮುಟ್ಟಬೇಕೆನ್ನುವ ನಿನ್ನ ಹಂಬಲಕ್ಕೆ ನಾನು ಅಡ್ಡಗಾಲು ಹಾಕುವವನಲ್ಲ. ಸಾಲಿ ಮಾಸ್ತರನಾಗಿದ್ದಾಗಲೇ ಈ ಹುಚ್ಚು ಹಿಡಿಸಿಕೊಂಡವನು ನಾನು. ಅದಕ್ಕೇ ನನ್ನ ಮೊದಲ ಕಪಾಟಿನ ಕಥೆ ಕೇಳು.

ಏಪ್ರಿಲ್ ರಜೆಯಲ್ಲಿ ಮಾಡಿದ್ದು. ಬಾಗಿಲಿಗೆ ಚೌಕಟ್ಟು, ನಡುವೆ ಅಡಿ ಅಗಲದ ಸಾಗವಾನಿ ಹಲಗೆ. ಹಲಗೆ ಗಡಗಡ ಅನ್ನಬಾರದೆಂದು ಚೌಕಟ್ಟಿನ ತೋಡಿಗೆ ನಾಲ್ಕೂ ಕಡೆ ಅಂಟು ಸುರಿದು ಬಿಗಿದುಬಿಟ್ಟೆ. ನೋಡಿದವರೆಲ್ಲ ಭೇಷ್ ಅಂದರು. ಜುಲೈಯಲ್ಲಿ ಧಾರವಾಡದ ಜಿಟಿಜಿಟಿ ಮಳೆ ಹಿಡಿಯಿತಲ್ಲ, ಎಂಟನೆಯ ದಿನವೋ ಏನೋ, ನಡುರಾತ್ರಿ ‘ಟಪ್’ ಅಂತ ಸಪ್ಪಳ. ಬೆಕ್ಕು ಇರಬೇಕು ಮಲಕೋರಿ ಅಂದಳು ನನ್ನಾಕೆ. ಬೆಳಗ್ಗೆ ನೋಡಿದರೆ ಚೌಕಟ್ಟಿನ ಮೂಲೆ ಉಗುರು ತೂರುವಷ್ಟು ಬಾಯಿ ಬಿಟ್ಟಿತ್ತು. ಮನೆಗೆ ಕಿಟಕಿ ರಿಪೇರಿಗೆ ಬಂದ ಬಡಿಗ ಅದನ್ನು ನೋಡಿ ನಕ್ಕ. “ಸರ, ಮರಾನ ಕಟ್ಟಿ ಹಾಕಿದ್ರ ಹರಕೊಂಡು ಹೋಗತೈತ್ರಿ. ಓಡ್ಯಾಡಾಕ ಜಾಗಾ ಬಿಡ್ರಿ” ಅಂದ.

ಕಡಿದು ಎಷ್ಟು ವರ್ಷವಾದರೂ ಮರ ಗಾಳಿಯ ತೇವ ಕುಡಿಯುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಎಳೆಯ ಉದ್ದಕ್ಕೆ ಅದು ಅಲುಗಾಡುವುದು ಇಲ್ಲವೆನ್ನುವಷ್ಟು ಕಡಿಮೆ, ಹಿಗ್ಗು-ಕುಗ್ಗೆಲ್ಲ ಅಗಲಕ್ಕೆ. ಸಾಗವಾನಿ ಇದ್ದುದರಲ್ಲಿ ಸಾಧು ಮರ, ಆದರೂ ಅಡಿ ಅಗಲದ ಹಲಗೆ ಚೈತ್ರದಿಂದ ಶ್ರಾವಣಕ್ಕೆ ಎರಡು ಮೂರು ಮಿಲಿಮೀಟರ್ ಹಿಗ್ಗಬಹುದು. ನಮ್ಮೂರಿನ ಹವೆಯಂತೂ ನಿನಗೆ ಗೊತ್ತೇ ಇದೆ. ಪಶ್ಚಿಮಕ್ಕೆ ಅಳ್ನಾವರ, ದಾಂಡೇಲಿಯ ಕಾಡು. ಪೂರ್ವಕ್ಕೆ ನವಲಗುಂದದ ಎರೆಹೊಲ. ಬೇಸಿಗೆಯಲ್ಲಿ ಹಪ್ಪಳದಂತೆ ಒಣಗುತ್ತೇವೆ, ಮಳೆಗಾಲದಲ್ಲಿ ಅದೇ ಹಪ್ಪಳ ಮೆತ್ತಗಾಗುತ್ತದೆ. ನಿನ್ನ ತಗಡಿನ ಶೆಡ್ಡಿನಲ್ಲಂತೂ ಎರಡೂ ಜಾಸ್ತಿ. ಹಾಗಾಗಿ ತಂದ ಹಲಗೆಗೆ ಅದೇ ದಿನ ಗರಗಸ ಹಚ್ಚಬೇಡ. ನಡುನಡುವೆ ಪಟ್ಟಿ ಕೊಟ್ಟು ಪೇರಿಸಿ, ಮಾಡುವ ಸಾಮಾನು ಮುಂದೆ ಬಾಳುವ ಕೋಣೆಯಲ್ಲೇ ಎರಡು ಮೂರು ವಾರ ಇಡು. ಹಸಿ ಮರವಾದರೆ ಇಂಚು ದಪ್ಪಕ್ಕೆ ಒಂದು ವರ್ಷ ಒಣಗಬೇಕೆಂಬುದು ಹಳಬರ ಲೆಕ್ಕ.

ಮೊದಲ ಕೆಲಸಕ್ಕೆ ಕುರ್ಚಿ ಬೇಡ. ಮಣೆ ಮಾಡು. ನಗಬೇಡ, ಊಟಕ್ಕೆ ಕೂಡುವ ಮಣೆಯೇ. ಒಂದೂವರೆ ಅಡಿ ಉದ್ದ, ಅಡಿ ಅಗಲದ ಹಲಗೆ, ಕೆಳಗೆ ಅಡ್ಡಕ್ಕೆ ಎರಡು ಪಟ್ಟಿ, ಅಷ್ಟೇ. ಮರದ ವಿದ್ಯೆಯ ಅರ್ಧ ಅದರಲ್ಲೇ ಇದೆ. ಪಟ್ಟಿಯ ನಡುವಿನ ಸ್ಕ್ರೂಗೆ ಗುಂಡು ತೂತು ಮಾಡು, ಆಚೀಚಿನ ಎರಡಕ್ಕೆ ಪಟ್ಟಿಯ ಉದ್ದಕ್ಕೆ ಎಳೆದ ಲಾಂಬ ತೂತು. ಹಲಗೆ ಹಿಗ್ಗಿದಾಗ ಸ್ಕ್ರೂ ಆ ತೂತಿನಲ್ಲಿ ಸರಿಯುತ್ತದೆ, ಮಣೆ ಸೀಳುವುದಿಲ್ಲ. ಅಂಟು ಹಾಕಲೇಬೇಕು ಅನ್ನಿಸಿದರೆ ನಡುವೆ ಒಂದು ಬೊಟ್ಟು ಸಾಕು.

ಮಣೆ ಆದಮೇಲೆ ಒಂದು ಭಾನುವಾರ ಹುಬ್ಬಳ್ಳಿಯಿಂದ ಯಲ್ಲಾಪುರದ ದಾರಿ ಹಿಡಿದು ಕಲಘಟಗಿಗೆ ಹೋಗಿ ಬಾ. ಅಲ್ಲಿಯ ಚಿತ್ರಗಾರರ ತೊಟ್ಟಿಲು ನೋಡಿದವರು ಬಣ್ಣ ನೋಡುತ್ತಾರೆ, ರಾಮಾಯಣದ ಚಿತ್ರ ನೋಡುತ್ತಾರೆ, ಅರಗಿನ ಹೊಳಪಿಗೆ ಮರುಳಾಗುತ್ತಾರೆ. ನೀನು ಬಗ್ಗಿ ಕೀಲು ನೋಡು. ನಮ್ಮ ಮನೆಯಲ್ಲೊಂದಿದೆ, ನನ್ನ ಅಜ್ಜಿಯ ತವರಿನದು. ಕೂಸು ದೊಡ್ಡದಾದ ಕೂಡಲೇ ಬಿಡಿಬಿಡಿಯಾಗಿ ಕಳಚಿ, ಹಳೆ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸುತ್ತಿದ್ದರು. ಓಣಿಯಲ್ಲಿ ಇನ್ನೊಂದು ಮನೆಗೆ ಬೇಕಾದಾಗ ಮತ್ತೆ ಇಳಿಯುತ್ತಿತ್ತು. ಎಷ್ಟು ಸಲ ಕಳಚಿ ಜೋಡಿಸಿದ್ದಾರೋ ಲೆಕ್ಕವಿಲ್ಲ. ಇವತ್ತಿಗೂ ಕೊಡತಿಯಿಂದ ಒಂದೆರಡು ಏಟು ಕೊಟ್ಟರೆ ಬಿಗಿಯಾಗಿ ಕೂಡುತ್ತದೆ. ಕೊಂಡು ತಂದ ಪ್ಲೈವುಡ್ ಮಂಚವನ್ನು ಎರಡು ಸಲ ಬಿಚ್ಚಿ ಹಾಕಿ ನೋಡು, ಆಮೇಲೆ ಮಾತಾಡೋಣ.

ಅಂಥ ಕೀಲು ಕೂಡಬೇಕಾದರೆ ಉಳಿಗೆ ಬಾಯಿ ಇರಬೇಕು. ನಾನು ವರ್ಷಗಟ್ಟಲೆ ಮೊಂಡು ಉಳಿಯಲ್ಲಿ ಗುದ್ದಾಡಿ, ಮರವೇ ಸರಿಯಿಲ್ಲ ಅಂತ ಬೈಯುತ್ತಿದ್ದೆ. ದುಬಾರಿ ಕಲ್ಲು ಬೇಡ. ದಪ್ಪ ಗಾಜಿನ ತುಂಡಿನ ಮೇಲೆ ನೀರು ಚಿಮುಕಿಸಿ ವಾಟರ್ ಪೇಪರ್ ಹಾಸು: ಮೊದಲು 400, ಆಮೇಲೆ 1000, ಕಡೆಗೆ 2000. ಉಳಿಯ ಬೆನ್ನಿನಿಂದ ಶುರು ಮಾಡು. ಬಾಯಿಯ ಹತ್ತಿರದ ಒಂದು ಇಂಚು ಕನ್ನಡಿಯಾಗಬೇಕು. ಇದನ್ನು ಬಿಟ್ಟವರು ಇಳಿಜಾರನ್ನು ಎಷ್ಟು ಉಜ್ಜಿದರೂ ವ್ಯರ್ಥ. ಇಳಿಜಾರಿಗೆ 25 ಡಿಗ್ರಿ, ತುದಿಯ ಕೂದಲೆಳೆಯಷ್ಟಕ್ಕೆ ತುಸು ಎತ್ತಿ 30. ಉಜ್ಜುತ್ತ ಉಜ್ಜುತ್ತ ಹಿಂಬದಿಗೆ ಹೆಬ್ಬೆರಳು ತಾಗಿಸಿದರೆ ಉಗುರಿನ ಸಿಬಿರಿನಂಥದೇನೋ ತಡೆಯುತ್ತದೆ. ಅದು ಈ ತುದಿಯಿಂದ ಆ ತುದಿವರೆಗೆ ಸಿಗುವ ತನಕ ಮುಂದಿನ ಕಾಗದಕ್ಕೆ ಹೋಗಬೇಡ. ಕೊನೆಗೆ ಹಳೆ ಚರ್ಮದ ಬೆಲ್ಟಿನ ಮೇಲೆ ಹಿಂದಕ್ಕೆ ಹತ್ತು ಸಲ ಎಳೆ. ಮುಂಗೈ ಕೂದಲು ಬೋಳಿಸಿ ತೋರಿಸುವುದು ಹುಡುಗಾಟ. ಪೈನ್ ಮರದ ಕೊಯ್ದ ತುದಿಯನ್ನು ಹೆರೆದು ನೋಡು. ಪುಡಿಯಾಗದೆ ಬೆಣ್ಣೆಯ ಪದರದಂತೆ ಎದ್ದು ಬಂದರೆ ಉಳಿ ತಯಾರು. ರಂದಾಕ್ಕೂ ಇದೇ ಉಪಚಾರ. ಹರಿತ ರಂದಾದ ಸಪ್ಪಳವೇ ಬೇರೆ, ರೇಷ್ಮೆ ಸೀರೆ ಸರಿದಂತೆ. ನಿನ್ನ ಸ್ಯಾಂಡರಿಗೆ ಅಂಥ ಸಪ್ಪಳ ಎಲ್ಲಿಂದ ಬರಬೇಕು!

ಮರ ಕೊಳ್ಳುವಾಗ ಲೆಕ್ಕ ನಿನ್ನ ಬಾಯಲ್ಲಿರಲಿ. ಉದ್ದ ಅಡಿಯಲ್ಲಿ, ಅಗಲ, ದಪ್ಪ ಇಂಚಿನಲ್ಲಿ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ. ಆರು ಅಡಿಯ, ಎಂಟು ಇಂಚು ಅಗಲದ, ಇಂಚು ದಪ್ಪದ ಹಲಗೆ ಮೂರು ಸೇರಿದರೆ ಒಂದು ಘನ ಅಡಿ. ಸಾಗವಾನಿಯಲ್ಲಿ ತೊಗಟೆಯ ಬದಿಯ ಬಿಳಿ ಭಾಗ ಗೆದ್ದಲಿಗೆ ಪ್ರಿಯ, ಅದಕ್ಕೆ ಕೆಂಪು ಮರದ ದುಡ್ಡು ಕೊಡಬೇಡ. ಕಲಿಯುವ ಕೈಗೆ ಬೇವು, ಮಾವು, ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಧಾರಾಳ ಸಾಕು. ಹಳೆ ವಾಡೆ ಕೆಡವಿದಲ್ಲಿ ಸಿಗುವ ತೊಲೆ, ಚೌಕಟ್ಟು ಬಂಗಾರ; ಒಣಗುವಷ್ಟು ಒಣಗಿದ ಮರ ಅದು. ಆದರೆ ಒಳಗೆ ಮುರಿದ ಮೊಳೆ ಇರುತ್ತದೆ, ಮೊದಲು ಅಯಸ್ಕಾಂತ ಆಡಿಸು. ಹುಬ್ಬಳ್ಳಿ ರೈಲಿನ ಊರೆಂದು ಅಲ್ಲಿಂದ ಹಳೆ ಸ್ಲೀಪರ್ ತಂದು ಅಡುಗೆಮನೆಯ ಸಾಮಾನು, ಮಕ್ಕಳ ಆಟಿಕೆ ಮಾಡಲು ಹೋಗಬೇಡ. ಹುಳ ಬೀಳದಂತೆ ಅದಕ್ಕೆ ಕ್ರಿಯೊಸೋಟ್ ಎಂಬ ಡಾಂಬರಿನ ಎಣ್ಣೆ ಕುಡಿಸಿರುತ್ತಾರೆ, ಅದು ವಿಷ.

ಇನ್ನು ಎಣ್ಣೆ. ನಿಮ್ಮವ್ವ ಚಟ್ನಿ ಕುಟ್ಟುವ ಅಗಸಿಯ ಎಣ್ಣೆಯೇ ಮರಕ್ಕೂ ಹಿತ. ಗಾಳಿಗೆ ಒಣಗಿ ತೆಳು ಪೊರೆಯಾಗಿ ನಿಲ್ಲುತ್ತದೆ. ಶೇಂಗಾ ಎಣ್ಣೆ ಒಣಗುವುದಿಲ್ಲ, ಅಂಟಂಟಾಗಿ ಕಮಟು ಹಿಡಿಯುತ್ತದೆ. ನನ್ನ ಮೊದಲ ಮಣೆಗೆ ಅದನ್ನೇ ಬಳಿದು ಹಬ್ಬದ ದಿನ ಬೀಗರ ಧೋತರ ಹಾಳು ಮಾಡಿದ್ದೇನೆ. ಅಗಸಿ ಎಣ್ಣೆಯನ್ನು ತೆಳ್ಳಗೆ ಸವರಿ, ಹತ್ತು ನಿಮಿಷ ಬಿಟ್ಟು ಒರೆಸಿ, ಒಣಗಿದ ಮೇಲೆ ಇನ್ನೊಂದು ಸಲ. ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡ. ಒಣಗುವಾಗ ಒಳಗೇ ಕಾವು ಏರಿ ತಾನಾಗಿ ಬೆಂಕಿ ಹತ್ತಬಹುದು, ಅದೂ ತಗಡಿನ ಶೆಡ್ಡಿನ ಬೇಸಿಗೆಯಲ್ಲಿ. ಬಿಚ್ಚಿ ಹಗ್ಗದ ಮೇಲೆ ಹರವು.

ಗ್ರೈಂಡರಿಗೆ ಹಲ್ಲಿನ ಬ್ಲೇಡ್ ಸಿಕ್ಕಿಸಿದ್ದನ್ನೂ ನೋಡಿದೆ. ಅದನ್ನು ಇವತ್ತೇ ಬಿಚ್ಚು. ಮರದಲ್ಲಿ ಸಿಕ್ಕಿಕೊಂಡರೆ ಅದು ತೊಡೆಗೋ ಮುಖಕ್ಕೋ ಜಿಗಿಯುತ್ತದೆ, ನಿನಗೆ ರೆಪ್ಪೆ ಬಡಿಯಲೂ ಪುರಸೊತ್ತು ಇರುವುದಿಲ್ಲ. ತಿರುಗುವ ಯಂತ್ರದ ಮುಂದೆ ಕೈಗವಸು ಬೇಡ, ಮೂಗಿಗೆ ಮಾಸ್ಕ್ ಬೇಕು. ಮರದ ಧೂಳು ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ಅಂಗ 1995ರಲ್ಲೇ ಪಟ್ಟಿಗೆ ಸೇರಿಸಿದೆ.

ಭಾನುವಾರ ಬೆಳಗ್ಗೆ ಆ ಮುರುಕು ಉಳಿ ತಗೊಂಡು ಬಾ. ಗಾಜು, ಕಾಗದ ನನ್ನಲ್ಲಿವೆ. ಬಾಯಿ ಮುರಿದಷ್ಟನ್ನು ಮೊದಲು ಅರೆದು ತೆಗೆಯಬೇಕು, ಮಧ್ಯಾಹ್ನದವರೆಗೆ ಹಿಡಿದೀತು. ಊಟ ಇಲ್ಲೇ ಅಂತ ಮನೆಯಲ್ಲಿ ಹೇಳಿ ಬಾ.