ನಾದ, ಯಂತ್ರ, ಧ್ಯಾನ: ಒಂದು ವಿವೇಚನೆ

ವಿಶಾಖಪಟ್ಟಣದಿಂದ ಸಮುದ್ರದ ದಡ ಹಿಡಿದು ಉತ್ತರಕ್ಕೆ ಸುಮಾರು 30 ಕಿಲೋಮೀಟರು ಸಾಗಿದರೆ, ಗೋಸ್ಥನೀ ನದಿ ಕಡಲನ್ನು ಸೇರುವ ಎಡೆಯಲ್ಲಿ ಭೀಮುನಿಪಟ್ಟಣವಿದೆ. ಊರಿನ ಪಕ್ಕದ ಪಾವುರಾಲಕೊಂಡ, ವಿಶಾಖಪಟ್ಟಣದಿಂದ ಅಲ್ಲಿಗೆ ಹೋಗುವ ದಾರಿಯ ತೊಟ್ಲಕೊಂಡ, ಬಾವಿಕೊಂಡ ಈ ಮೂರೂ ಗುಡ್ಡಗಳ ಮೇಲೆ ಬೌದ್ಧ ಭಿಕ್ಷುಗಳ ವಿಹಾರಗಳಿದ್ದವು. ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳಿಂದ ತೊಟ್ಲಕೊಂಡಕ್ಕೆ ಆ ಹೆಸರು ಬಂದಿದೆ. 'ತೊಟ್ಟಿ', 'ಬಾವಿ' ಎಂಬ ಮಾತುಗಳ ಅರ್ಥವನ್ನು ಕನ್ನಡಿಗನು ಅಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ಕಡಲಿನ ಮೊರೆತ ಎಡೆಬಿಡದೆ ಮೇಲೇರಿ ಬರುವ ಈ ನೆಲೆಗಳಲ್ಲಿ ಭಿಕ್ಷುಗಳು ಧ್ಯಾನಕ್ಕೆ ಕುಳಿತರು. ಮೌನವನ್ನು ಅರಸಿ ಹೋದವರು ಮೊರೆಯುವ ಕಡಲಿನ ಬದಿಯನ್ನೇ ಆರಿಸಿಕೊಂಡರೆಂಬುದು ಯೋಚಿಸತಕ್ಕ ಸಂಗತಿ.

ವಿಚಾರ ಸಂಕಿರಣವೊಂದರ ನಿಮಿತ್ತ ಆ ಕಡೆಗೆ ಹೋಗಿದ್ದಾಗ ನಮ್ಮ ತಂಡದ ವಿದ್ಯಾರ್ಥಿಯೊಬ್ಬ ಸಂಜೆ ಭೀಮಿಲಿಯ ದಡದಲ್ಲಿ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ಕುಳಿತಿದ್ದ. ಎದ್ದ ಮೇಲೆ ಏನು ಕೇಳುತ್ತಿದ್ದೆಯೆಂದು ವಿಚಾರಿಸಿದೆ. "ಧ್ಯಾನದ ಧ್ವನಿಮುದ್ರಿಕೆ ಸರ್, ಅಲೆಗಳ ಸದ್ದು" ಎಂದ. ಎದುರಿಗೇ ಸಮುದ್ರವಿದೆಯಲ್ಲ ಎಂದೆ. "ಇಲ್ಲಿ ಗಾಡಿಗಳ ಹಾರ್ನೂ ಕೇಳಿಸುತ್ತದೆ ಸರ್, ಅದರಲ್ಲಿ ಬರೀ ಅಲೆ" ಎಂದ. ಜೊತೆಯಲ್ಲಿದ್ದವರು ನಕ್ಕರು, ನಾನೂ ನಕ್ಕೆ. ಆದರೆ ಅವನ ಉತ್ತರದಲ್ಲಿ ಹುರುಳಿಲ್ಲವೆಂದು ಹೇಳಲು ಆಮೇಲೆ ನನಗೆ ಧೈರ್ಯವಾಗಲಿಲ್ಲ. ನಗರದ ಬಾಡಿಗೆ ಕೋಣೆಗಳಲ್ಲಿ ಓದುವ ಹುಡುಗನಿಗೆ ಗುಡ್ಡವನ್ನೂ ಗುಹೆಯನ್ನೂ ಎಲ್ಲಿಂದ ತರುವುದು? ಯಂತ್ರವು ಧ್ಯಾನಕ್ಕೆ ನೆರವೋ ಅಡ್ಡಿಯೋ ಎಂಬ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿ ಎತ್ತಿಕೊಂಡಿದ್ದೇನೆ.

ಧ್ಯಾನಕ್ಕೂ ಕಿವಿಗೂ ಇರುವ ನಂಟು ಹಳೆಯದು. ವೀರಶೈವ ದೀಕ್ಷಾವಿಧಿಯಲ್ಲಿ ಮಂತ್ರದೀಕ್ಷೆ ಕಿವಿಯ ಮೂಲಕವೇ ಆಗುತ್ತದೆ. ಗುರು ಶಿಷ್ಯನ ಕಿವಿಯಲ್ಲಿ ಪಂಚಾಕ್ಷರಿಯನ್ನು ಉಸುರುತ್ತಾನೆ. ಇನ್ನೊಂದೆಡೆ ಹಠಯೋಗದ ಪರಂಪರೆಯಲ್ಲಿ ನಾದಾನುಸಂಧಾನವೆಂಬ ಸಾಧನೆಯಿದೆ. 15ನೆಯ ಶತಮಾನದ ಸ್ವಾತ್ಮಾರಾಮನ 'ಹಠಯೋಗಪ್ರದೀಪಿಕೆ'ಯ ನಾಲ್ಕನೆಯ ಉಪದೇಶದಲ್ಲಿ ಅದರ ವಿವರಗಳು ದೊರೆಯುತ್ತವೆ. ಸಾಧಕನು ಕೈಗಳಿಂದ ಕಿವಿಗಳನ್ನು ಮುಚ್ಚಿಕೊಂಡು ಒಳಗಿನ ಧ್ವನಿಯನ್ನು ಆಲಿಸಬೇಕು. ಮೊದಲು ಕಡಲು, ಮೋಡ, ಭೇರಿಗಳಂಥ ದೊಡ್ಡ ಸದ್ದು. ಅನಂತರ ಶಂಖ, ಘಂಟೆ, ಕಹಳೆ. ಕಡೆಗೆ ಕಿಂಕಿಣಿ, ಕೊಳಲು, ವೀಣೆ, ದುಂಬಿಯ ಝೇಂಕಾರ. ಸ್ಥೂಲದಿಂದ ಸೂಕ್ಷ್ಮಕ್ಕೆ ಸಾಗಿ, ಕೊನೆಗೆ ಮನಸ್ಸು ನಾದದೊಡನೆ ಲಯವಾಗಬೇಕು. ಗಮನಿಸಬೇಕಾದ ಅಂಶವೆಂದರೆ, ಇಲ್ಲಿ ಕಿವಿಯನ್ನು ಮುಚ್ಚುವುದು ಸಾಧನೆಯ ಮೊದಲ ಹೆಜ್ಜೆ. ಇಯರ್‌ಫೋನೂ ಕಿವಿಯನ್ನು ಮುಚ್ಚುತ್ತದೆ, ಆದರೆ ಮುಚ್ಚಿದ ಕಿವಿಯೊಳಕ್ಕೆ ಬೇರೊಂದು ಧ್ವನಿಯನ್ನು ತುಂಬುತ್ತದೆ. ಅಲ್ಲಮಪ್ರಭುವಿನ ವಚನಗಳಲ್ಲಿ ಶಬ್ದದ ಬಗೆಗೆ ಪದೇ ಪದೇ ಕಾಣಿಸಿಕೊಳ್ಳುವ ಅತೃಪ್ತಿಯನ್ನು ಬಲ್ಲವರಿಗೆ ಈ ವ್ಯತ್ಯಾಸ ಸಣ್ಣದೆನಿಸಲಾರದು.

ಈ ಸಂದರ್ಭದಲ್ಲಿ ನಮ್ಮ ವೈಯಾಕರಣ ಕೇಶಿರಾಜನನ್ನು ನೆನೆಯುವುದು ಅಪ್ರಸ್ತುತವಾಗಲಾರದು. 13ನೆಯ ಶತಮಾನದ 'ಶಬ್ದಮಣಿದರ್ಪಣ'ದಲ್ಲಿ ಶಬ್ದೋತ್ಪತ್ತಿಯ ಕ್ರಮವನ್ನು ಹೇಳುವಾಗ ಅವನು ಎರಡು ಕಾರಣಗಳನ್ನು ಒಟ್ಟಿಗೆ ಇಡುತ್ತಾನೆ: ಅನುಕೂಲವಾದ ಗಾಳಿ ಮತ್ತು ಜೀವನ ಇಚ್ಛೆ. ಇವೆರಡೂ ಕೂಡಿದಾಗ ನಾಭಿಮೂಲದಲ್ಲಿ ಕಹಳೆಯ ಆಕಾರದಲ್ಲಿ ಶ್ವೇತವರ್ಣದ ಶಬ್ದದ್ರವ್ಯ ಹುಟ್ಟುತ್ತದೆ. ಶಬ್ದವನ್ನು ದ್ರವ್ಯವೆಂದೂ ಅದಕ್ಕೆ ಬಣ್ಣವುಂಟೆಂದೂ ಹೇಳುವುದು ಜೈನರ ಪುದ್ಗಲ ವಿಚಾರಕ್ಕೆ ಹತ್ತಿರವಾದುದು. ತರಗತಿಯಲ್ಲಿ ಈ ಸೂತ್ರ ಬಂದಾಗ ವಿದ್ಯಾರ್ಥಿಗಳು ಬಣ್ಣದ ಮಾತಿಗೆ ನಗುವುದುಂಟು. ಆದರೆ ಕ್ಯಾಸೆಟ್ಟಿನ ಟೇಪನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿದವರು ನಗಲಾರರು. ಕಬ್ಬಿಣದ ಆಕ್ಸೈಡಿನ ಕಂದು ಲೇಪದಲ್ಲಿ, ಅಯಸ್ಕಾಂತದ ಗುರುತುಗಳಾಗಿ, ಹಾಡುಗಾರನ ದನಿಯೇ ಕುಳಿತಿದೆ! ಬಣ್ಣ ಬಿಳಿಯಿದ್ದುದು ಕಂದಾಯಿತೆಂದಷ್ಟೇ ಕೇಶಿರಾಜನಿಗೆ ವರದಿ ಮಾಡಬೇಕಾಗುತ್ತದೆ. ದ್ರವ್ಯವಾದುದರಿಂದಲೇ ಶಬ್ದವನ್ನು ಹಿಡಿದಿಡಬಹುದು, ಮಾರಬಹುದು, ಒಯ್ಯಬಹುದು. ಹಿಡಿದಿಡಲಾಗದ್ದು ಎರಡನೆಯ ಕಾರಣ. ಮುದ್ರಿಕೆಯನ್ನು ಮತ್ತೆ ನುಡಿಸುವಾಗ ಗಾಳಿ ಕಂಪಿಸುತ್ತದೆ, ಆದರೆ ಆ ಗಳಿಗೆಯಲ್ಲಿ ಅದರ ಹಿಂದೆ ಯಾವ ಜೀವದ ಇಚ್ಛೆಯೂ ಇಲ್ಲ. ಮಂತ್ರವನ್ನು ಉಸುರುವ ಗುರು ಶಿಷ್ಯನ ಮುಖ ನೋಡಿ ತಡೆಯುತ್ತಾನೆ, ಮರುನುಡಿಯುತ್ತಾನೆ, ಇಂದು ಬೇಡವೆಂದು ಎದ್ದುಹೋಗಲೂಬಲ್ಲ. ಯಂತ್ರಕ್ಕೆ ಇವೊಂದೂ ತಿಳಿಯವು. ಸಂದೇಹಗಳ ಮೂಲ ಇಲ್ಲಿದೆಯೆಂದು ನನ್ನ ಭಾವನೆ.

ಹಾಗೆಂದು ಮುದ್ರಿತ ಧ್ವನಿಯನ್ನು ತಳ್ಳಿಹಾಕುವುದು ಸುಲಭವಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಂದಿನಿಂದ ನಮ್ಮ ದೇಶದ ಕಿವಿ ಯಂತ್ರಕ್ಕೆ ಒಗ್ಗುತ್ತ ಬಂದಿದೆ. 1948ರಲ್ಲಿ ಆರಂಭವಾದ ವಿಜಯವಾಡದ ಆಕಾಶವಾಣಿ ಕೇಂದ್ರದ 'ಭಕ್ತಿರಂಜನಿ' ತೆಲುಗು ಮನೆಗಳ ಬೆಳಗನ್ನು ರೂಪಿಸಿತು. 1950ರಲ್ಲಿ ಆರಂಭವಾದ ಧಾರವಾಡ ಕೇಂದ್ರವು ನಮ್ಮ ಕಡೆಯ ಮನೆಗಳಿಗೆ ವಚನಗಳನ್ನೂ ತತ್ತ್ವಪದಗಳನ್ನೂ ತಂದಿತು. ರೇಡಿಯೋದ ದನಿ ಓಣಿಗೆಲ್ಲ ಸೇರಿದುದಾಗಿತ್ತೆಂಬುದನ್ನೂ ಇಲ್ಲಿ ಹೇಳಬೇಕು. 1979ರಲ್ಲಿ ವಾಕ್‌ಮನ್ ಬಂದ ಮೇಲೆ ಶ್ರವಣ ಒಬ್ಬೊಬ್ಬರ ಸ್ವತ್ತಾಯಿತು.

ಧ್ಯಾನವನ್ನು ಮುದ್ರಿತ ಧ್ವನಿಯಿಂದಲೇ ಕಲಿಸುವ ಅತಿ ದೊಡ್ಡ ಪ್ರಯೋಗವೆಂದರೆ ವಿಪಶ್ಯನಾ ಶಿಬಿರಗಳದು. ಬರ್ಮಾದ ಸಯಾಜಿ ಊ ಬಾ ಖಿನ್ ಅವರ ಶಿಷ್ಯರಾದ ಸತ್ಯನಾರಾಯಣ ಗೋಯೆಂಕಾ (1924–2013) 1969ರಲ್ಲಿ ಭಾರತಕ್ಕೆ ಬಂದು ಶಿಬಿರಗಳನ್ನು ಆರಂಭಿಸಿದರು. ಬೇಡಿಕೆ ಬೆಳೆದಂತೆ 1980ರ ದಶಕದ ಆರಂಭದಲ್ಲಿ ಸಹಾಯಕ ಆಚಾರ್ಯರನ್ನು ನೇಮಿಸಿ, ಸೂಚನೆಗಳನ್ನೂ ಸಂಜೆಯ ಪ್ರವಚನಗಳನ್ನೂ ಮುದ್ರಿಸಿ ಬಳಸುವ ಕ್ರಮ ಬಂದಿತು. ಗೋಯೆಂಕಾ ಅವರು ತೀರಿಕೊಂಡ ಮೇಲೆಯೂ ಹತ್ತು ದಿನಗಳ ಶಿಬಿರವನ್ನು ನಡೆಸುವುದು ಅವರ ದನಿಯೇ. ಏಲೂರಿನ ಬಳಿಯ ವಿಜಯರಾಯಿಯಲ್ಲಾಗಲಿ, ಬೆಂಗಳೂರಿನ ಹೊರವಲಯದಲ್ಲಾಗಲಿ ಕುಳಿತವರಿಗೆ ಕೇಳುವುದು ಅದೇ ಧ್ವನಿ; ಅದರ ಬೆನ್ನಿಗೆ ಆಯಾ ಪ್ರದೇಶದ ಭಾಷೆಯ ಅನುವಾದ. ಮೇಲ್ನೋಟಕ್ಕೆ ಇದು ಜೀವವಿಲ್ಲದ ಗುರುತ್ವವೆನಿಸಬಹುದು. ಆದರೆ ಅದರ ರಚನೆಯನ್ನು ನೋಡಿದರೆ ಎರಡು ವಿವೇಕಗಳು ಕಾಣುತ್ತವೆ. ಒಂದು ಗಂಟೆಯ ಸಾಮೂಹಿಕ ಧ್ಯಾನದಲ್ಲಿ ಧ್ವನಿ ಮೊದಲಿಗೆ ಕೆಲವು ನಿಮಿಷ, ಕೊನೆಗೆ ಕೆಲವು ನಿಮಿಷ ಮಾತ್ರ, ನಡುವಿನದೆಲ್ಲ ನಿಶ್ಶಬ್ದ. ಮಧ್ಯಾಹ್ನದ ಹೊತ್ತು ಸಾಧಕನು ತನ್ನ ತೊಡಕನ್ನು ಎದುರಿಗಿರುವ ಸಹಾಯಕ ಆಚಾರ್ಯರಲ್ಲಿ ಕೇಳಬಹುದು. ಟೇಪಿನಲ್ಲಿ ಇಲ್ಲದ ಜೀವನ ಇಚ್ಛೆಗೆ ಒಂದು ಪೀಠವನ್ನು ಪಕ್ಕದಲ್ಲೇ ಹಾಕಿಟ್ಟಿದ್ದಾರೆ. ಮೊದಲ ದಿನದಿಂದ ಕೊನೆಯವರೆಗೆ ಒಂದೇ ಪಾಠ, ಒಂದೇ ಉಚ್ಚಾರಣೆ ಉಳಿದು, ಶಿಷ್ಯರ ಬಾಯಲ್ಲಿ ಉಪದೇಶ ತಿರುಚಿಹೋಗುವ ಅಪಾಯ ತಪ್ಪುವುದೂ ಲಾಭವೇ. ಪಾಠಾಂತರಗಳೊಡನೆ ಹೆಣಗುವ ನಾವು ಇದನ್ನು ಲಘುವಾಗಿ ಕಾಣಲಾಗದು.

ಎರಡು ಕಿವಿಗಳಿಗೆ ಎರಡು ಸ್ವರಗಳನ್ನು ಕಳಿಸಿ ಮನಸ್ಸನ್ನು ಧ್ಯಾನಸ್ಥಿತಿಗೆ ಒಯ್ಯುವುದಾಗಿ ಹೇಳುವ ಮುದ್ರಿಕೆಗಳ ಮಾತು ಬೇರೆ. ಬಲಗಿವಿಗೆ ಸೆಕೆಂಡಿಗೆ 400 ಕಂಪನಗಳ ಸ್ವರ, ಎಡಗಿವಿಗೆ 410 ಕಂಪನಗಳದು. ಹೊರಗೆ ಎಲ್ಲಿಯೂ ಇಲ್ಲದ 10ರ ಮಿಡಿತವೊಂದು ಮಿದುಳಿನಲ್ಲಿ ಅನುಭವಕ್ಕೆ ಬರುತ್ತದೆ. ಜರ್ಮನಿಯ ಡೋವ್ 1839ರಲ್ಲಿಯೇ ಇದನ್ನು ಕಂಡಿದ್ದನು. 1973ರಲ್ಲಿ ಜೆರಾಲ್ಡ್ ಆಸ್ಟರ್ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಬರೆದ ಮೇಲೆ ಅದಕ್ಕೆ ಪ್ರಚಾರ ಬಂತು. ವಿಶ್ರಾಂತ ಸ್ಥಿತಿಯ ಆಲ್ಫಾ ಅಲೆಗಳು ಸೆಕೆಂಡಿಗೆ 8ರಿಂದ 13ರವರೆಗೆ ಇರುವುದರಿಂದ, ಮಿದುಳು ಆ ಮಿಡಿತಕ್ಕೆ ತಾಳ ಹಾಕುತ್ತದೆಂಬುದು ಮಾರುವವರ ವಾದ. ಮಿಡಿತ ಕೇಳಿಸುವುದು ನಿಜ, ತಾಳ ಹಾಕುವುದು ಸಂಶಯ. 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಮಿದುಳಿನ ಅಲೆಗಳನ್ನು ಅಳೆದ 14 ಅಧ್ಯಯನಗಳನ್ನು ಪರಿಶೀಲಿಸಿತು: 5 ಈ ವಾದಕ್ಕೆ ಹೊಂದಿದವು, 8 ವಿರುದ್ಧವಾಗಿದ್ದವು, ಒಂದು ಮಿಶ್ರಫಲದ್ದು. ಒಳಗಿನಿಂದ ಏಳುವ ಅನಾಹತನಾದವನ್ನೂ ಎರಡು ತಂತಿಗಳಿಂದ ಹುಟ್ಟಿಸಿದ ಈ ಮಿಡಿತವನ್ನೂ ಒಂದೆಂದು ಬರೆಯುವವರು ನಮ್ಮಲ್ಲಿಯೂ ಇದ್ದಾರೆ. ಎರಡಕ್ಕೂ ಹೊರಗಿನ ಗಾಳಿಯಲ್ಲಿ ಅಸ್ತಿತ್ವವಿಲ್ಲವೆಂಬ ಸಾಮ್ಯವೊಂದರಿಂದ ಎರಡೂ ಒಂದೇ ಆಗುವುದಿಲ್ಲ. ಒಂದು ಹೊರಗಿನದನ್ನು ಬಿಟ್ಟಾಗ ಕೇಳುವಂಥದು, ಇನ್ನೊಂದು ಯಂತ್ರ ನಿಂತೊಡನೆ ನಿಲ್ಲುವಂಥದು.

ಕಿವಿಯ ಆರೋಗ್ಯದ ಮಾತನ್ನೂ ಮರೆಯಬಾರದು. 80 ಡೆಸಿಬೆಲ್ಲಿನಷ್ಟು ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ 4 ಗಂಟೆ ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗದ್ದಲವನ್ನು ಮುಚ್ಚಲು ಧ್ವನಿಯನ್ನು ಏರಿಸುತ್ತ ಹೋಗುವವರು ಈ ಲೆಕ್ಕವನ್ನು ನೋಡುವುದಿಲ್ಲ.

ಕಡೆಯದಾಗಿ ನನ್ನ ಮನೆಯ ಒಂದು ಸಂಗತಿ. ನಮ್ಮ ಅವ್ವನಿಗೆ ಕೊನೆಯ ವರ್ಷಗಳಲ್ಲಿ ಕಣ್ಣು ಕಾಣದಾದವು. ವಚನದ ಕಟ್ಟನ್ನು ಓದಲಾರದೆ ಅವಳು ಕುಗ್ಗಿದಾಗ, ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನಗಳ ಕ್ಯಾಸೆಟ್ಟನ್ನು ತಂದುಕೊಟ್ಟೆ. ನಸುಕಿನಲ್ಲಿ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ಅದನ್ನು ಕೇಳುತ್ತ ಕೂರುತ್ತಿದ್ದಳು. ಕಣ್ಣಿದ್ದಾಗಿನ ಪೂಜೆಯ ಹೊತ್ತು ಅವಳಿಗೆ ಮರಳಿ ಸಿಕ್ಕಿತು. ವರ್ಷ ಕಳೆಯುವುದರಲ್ಲಿ ಟೇಪು ಹಿಗ್ಗಿ ದನಿ ಜೋಲತೊಡಗಿತು. ಹೊಸದನ್ನು ತರುತ್ತೇನೆಂದೆ. "ಈಗ ಬ್ಯಾಡೋ ತಮ್ಮಾ, ಸುರೂಕ ಒಂದೀಟು ಹಚ್ಚಿ ಬಂದ್ ಮಾಡು. ಆಮ್ಯಾಲೆ ನನಗ ತಾನ ಕೇಳತೈತಿ" ಎಂದಳು. ಅಂದಿನಿಂದ ದಿನವೂ ನಸುಕಿನಲ್ಲಿ ಮೊದಲ ವಚನದ ಪಲ್ಲವಿ ಮುಗಿದೊಡನೆ ಗುಂಡಿ ಒತ್ತಿ ನಿಲ್ಲಿಸುವುದು ನನ್ನ ಕೆಲಸವಾಯಿತು. ಅವಳು ಮುಕ್ಕಾಲು ಗಂಟೆ ಹಾಗೆಯೇ ಕುಳಿತಿರುತ್ತಿದ್ದಳು.